ಕೊಡತಿಯ ಸದ್ದು

ನಾಳೆ ಬೆಳಿಗ್ಗೆ ಏಳೂವರೆಗೆ.
ಇವತ್ತೇ ಬಂದು ಮಲಗಿದ್ದೇನೆ, ಕುರೆಸಾರೆಯ ಆಸ್ಪತ್ರೆ,
ಎರಡನೇ ಮಹಡಿ, ಕಿಟಕಿ ಪಕ್ಕದ ಮಂಚ.
ಎಡತೊಡೆಯ ಮೇಲೆ ನೀಲಿ ಶಾಯಿಯ ಬಾಣ.
ನಾನೂ ಹೀಗೇ ಗೀಚುತ್ತಿದ್ದೆ ಮರದ ಮೇಲೆ, ಪೆನ್ಸಿಲಿನಲ್ಲಿ:
ಇಲ್ಲಿ ಕೊಯ್ಯಬೇಕು, ಈ ಕಡೆ ಮೇಲೆ.
ಮರ ಏನೂ ಕೇಳುತ್ತಿರಲಿಲ್ಲ.

ನಲವತ್ತೊಂದು ವರ್ಷ ಮರಗೆಲಸ.
ಈ ದ್ವೀಪದ ಗಿಡ್ಡ ಜುನಿಪರ್‌ನಿಂದ ಬೆಣ್ಣೆಚಾಕು, ಸೌಟು,
ಬೂರುಗವಲ್ಲದ ಗಟ್ಟಿ ಮರ ಸಿಕ್ಕಾಗ ದೋಣಿಯ ಹುಟ್ಟು,
ಒಂದೇ ಒಂದು ಸಲ, ಎಂದೆಲ್ ಹೋದಾಗ,
ಅವನ ಪೆಟ್ಟಿಗೆಗೆ ಆರು ಹಿಡಿ.
ಉಳಿ, ಗರಗಸ, ಬೈರಿಗೆ, ಅರ
ಎಂದರೆ ಸಾಕು, ಅಂಗೈ ಬೆಚ್ಚಗಾಗುತ್ತಿತ್ತು.
ಹೋದ ತಿಂಗಳು ಡಾಕ್ಟರ್ ಹಾಳೆಯ ಮೇಲೆ
ನನ್ನ ಸೊಂಟದ ಕೀಲನ್ನು ಬರೆದು ತೋರಿಸಿದ.
ಇಲ್ಲಿ ಗರಗಸ ಬರುತ್ತೆ. ಈ ಬಟ್ಟಲಿಗೆ ಬೈರಿಗೆ.
ಮೂಳೆಯ ಒಳಗೆ ಅರ ಹಾಕಿ ಉಜ್ಜಿ
ಕೊನೆಗೆ ಕೊಡತಿ.

ಗೊತ್ತಿಲ್ಲದ್ದಕ್ಕೇ ಹೆದರುವುದು ಅನ್ನುತ್ತಾರೆ.
ನನಗೆ ಎಲ್ಲಾ ಗೊತ್ತಿತ್ತು.

ಪಕ್ಕದ ಮಂಚದ ಸಾಲ್ಮೆಗೆ ಮೂರು ದಿನದ ಹಿಂದೆ ಆಗಿದೆ,
ಬಲಗಡೆ. ಹೆರಿಂಗ್ ಮೀನು, ಬೇಯಿಸಿದ ಆಲೂಗಡ್ಡೆ
ತಟ್ಟೆ ನೆಕ್ಕುವಂತೆ ತಿಂದು, ನನಗೆ ಪಾಠ:
ಕಾಲ ಮೇಲೆ ಕಾಲು ಹಾಕಬೇಡ,
ಬಗ್ಗಿ ಸಾಕ್ಸ್ ಎಳೆದುಕೊಳ್ಳಬೇಡ, ತಗ್ಗಿನ ಕುರ್ಚಿಯಲ್ಲಿ ಕೂರಲೇಬೇಡ,
ಬೆಕ್ಕಿದೆಯಾ? ಬೆಕ್ಕನ್ನು ಯಾರಿಗಾದರೂ ಕೊಡು.
ಬೆಕ್ಕಿಲ್ಲ ಎಂದೆ.
ಹಾಗಾದರೆ ಅರ್ಧ ಗೆದ್ದೆ ಎಂದಳು.

ಏಳದೇ ಹೋದರೆ ಎಂಬ ಭಯ ನನಗಿಲ್ಲ.
ಅಂದರೆ ಇದೆ, ಎಲ್ಲರಿಗೂ ಇರುವಷ್ಟು.
ನನ್ನದು ಬೇರೆ. ನನ್ನ ಷೆಡ್ಡಿನ ಹಿಂದೆ
ನೆಟಲ್ ಗಿಡಗಳ ನಡುವೆ ಒಂದು ರಾಶಿ ಇದೆ:
ಬೆಣೆ ಕೂತಿತ್ತು, ಚೆನ್ನಾಗಿಯೇ ಕೂತಿತ್ತು,
ಇನ್ನೊಂದೇ ಏಟು ಅಂದುಕೊಂಡೆ,
ಎಳೆಗುಂಟ ಸೀಳಿತು.
ಯಾರಿಗೂ ತೋರಿಸಿಲ್ಲ ಆ ರಾಶಿ. ಎಂದೆಲ್‌ಗೂ.
ನನ್ನಂಥ ಕೈಯೇ ಅಲ್ಲವೆ ಅವನದೂ?
ಅವನಿಗೂ ಒಂದು ರಾಶಿ ಇದ್ದೀತು, ಎಲ್ಲೋ.

ಸಂಜೆ ಬಂದ. ಮೂವತ್ತೈದು ಇರಬಹುದು,
ಹೊರಗಿನ ಚಳಿಗೆ ಕಿವಿ ಕೆಂಪಗೆ.
ಏನಾದರೂ ಕೇಳುವುದಿದೆಯಾ ಎಂದ.
ಸೋಂಕು, ರಕ್ತ, ಎಷ್ಟು ದಿನಕ್ಕೆ ಮೆಟ್ಟಿಲು,
ಕೇಳಬೇಕಾದ್ದನ್ನೆಲ್ಲ ಚೀಟಿಯಲ್ಲಿ ಬರೆದಿಟ್ಟಿದ್ದೆ.
ಚೀಟಿ ಬಿಟ್ಟು ಕೇಳಿದೆ:
ಹೊಡೆಯುವುದನ್ನು ಯಾವಾಗ ನಿಲ್ಲಿಸುತ್ತೀ?
ನರ್ಸ್ ತಲೆ ಎತ್ತಿ ನೋಡಿದಳು.
ಅವನು ಮಂಚದ ಅಂಚಿಗೆ ಕೂತ. ಸ್ವಲ್ಪ ಹೊತ್ತು ಸುಮ್ಮನಿದ್ದ.
ಸದ್ದು, ಎಂದ.
ಮೊದಲು ಬದ್ ಬದ್ ಅಂತಿರುತ್ತೆ, ಸಡಿಲ.
ಒಂದು ಏಟಿಗೆ ಇದ್ದಕ್ಕಿದ್ದಂತೆ ಠಣ್ ಅನ್ನುತ್ತೆ, ಕೂತಿತು ಅಂತ.
ಆಮೇಲೆ ಕೊಡತಿ ಕೆಳಗಿಟ್ಟುಬಿಡುತ್ತೇನೆ.

ಇದನ್ನು ನನಗೂ ಯಾರೂ ಕಲಿಸಿರಲಿಲ್ಲ.
ಹಾಳಾದ ಮರವೇ ಕಲಿಸಿದ್ದು.

ಸೊಂಟದಿಂದ ಕೆಳಗೆ ಮಾತ್ರ ಮರಗಟ್ಟಿಸುತ್ತಾರಂತೆ,
ಕಿವಿಗೆ ಹೆಡ್‌ಫೋನ್ ಕೊಡುತ್ತಾರಂತೆ, ಬೇಕಾದ ಸಂಗೀತ.
ಬೇಡ ಎಂದು ಬರೆಸಿದ್ದೇನೆ.
ಅವನ ಕಿವಿ ಇರಲಿ, ನನ್ನದೂ ಒಂದಿರಲಿ.

ಭಯ ಹೋಯಿತೇ ಅಂದರೆ, ಇಲ್ಲ.
ಈಗ ಗಂಟೆ ಎರಡು. ಕೊಲ್ಲಿಯ ಮಂಜುಗಡ್ಡೆ
ಕತ್ತಲಲ್ಲಿ ಒಮ್ಮೊಮ್ಮೆ ನರಳುತ್ತದೆ.
ಬಾಯಿ ಒಣಗಿದೆ, ನೀರು ಕುಡಿಯುವ ಹಾಗಿಲ್ಲ.
ಬಾಣದ ಮೇಲೆ ಕೈ ಇಟ್ಟುಕೊಂಡಿದ್ದೇನೆ,
ಎಪ್ಪತ್ತು ವರ್ಷ ಹೊತ್ತು ತಿರುಗಿದ ಮೂಳೆ,
ಪಾಪ, ಅದಕ್ಕೆ ಯಾರು ಹೇಳಬೇಕು?
ಸುಮ್ಮನಿರಲಾರದೆ
ಪಕ್ಕದ ಮೇಜನ್ನು ಬೆರಳ ಗೆಣ್ಣಿನಿಂದ ಕುಟ್ಟಿ ನೋಡಿದೆ:
ಪ್ಲೈವುಡ್. ಒಳಗೆ ಟೊಳ್ಳು.

ಸಾಲ್ಮೆ ನಿದ್ದೆಯಲ್ಲೇ ಅಂದಳು:
ಬನ್ನಿ, ಬಾಗಿಲು ತೆಗೆದೇ ಇದೆ.