ಭರಣಿ ಮಳೆಯ ಮಾರನೇ ದಿನ

ಊರೆಲ್ಲ ಬೇಡಿಕೊಂಡಿದ್ದ ಮಳೆ ಅದು.
ಭರಣಿ ಬಂದರೆ ಧರಣಿಯೆಲ್ಲ ಬೆಳೆ ಅನ್ನುತ್ತಾರಲ್ಲ,
ಕಬ್ಬಿನವರು ಸರಿರಾತ್ರಿ ಎದ್ದು ಅಂಗಳದಲ್ಲಿ ನೆನೆದರು.
ನಾನೂ ನೆನೆದೆ. ಸುಳ್ಳೇಕೆ.

ಇಪ್ಪತ್ತು ದಿನದಿಂದ ಕಾದಿತ್ತು ಕೆರೆ,
ಒಲೆಯ ಮೇಲಿಟ್ಟು ಮರೆತ ಎಸರು.
ಮೊಣಕೈ ಮುಳುಗಿಸಿದರೂ ತಂಪು ಸಿಗದು.
ಮಳೆ ಹೊಡೆದದ್ದಕ್ಕೆ ತಳದ ಕೆಸರೆಲ್ಲ ಮೇಲೆದ್ದು
ಇದ್ದಷ್ಟು ಉಸಿರನ್ನೂ ಕುಡಿಯಿತಂತೆ;
ಇದು ಆಮೇಲೆ ಇಲಾಖೆಯವನು ಹೇಳಿದ್ದು,
ಬಾಟಲಿಗೆ ನೀರು ತುಂಬಿಕೊಳ್ಳುತ್ತ.

ಬೆಳಕು ಹರಿಯುವಾಗ
ಕಾಟ್ಲ, ರೋಹು, ಎಲ್ಲ ದಡಕ್ಕೆ ಬಂದು
ಬಾಯಿ ತೆರೆದು ಮುಚ್ಚಿ, ತೆರೆದು ಮುಚ್ಚಿ.
‘ಏನೋ ಕೇಳ್ತಾವೆ ಕಣವ್ವ’ ಅಂದಳು ಅತ್ತೆ.
ಬಿಸಿಲೇರುವ ಹೊತ್ತಿಗೆ ಕೇಳುವುದು ಬಿಟ್ಟು
ಒಂದೊಂದೇ ಮಗ್ಗುಲಾದವು.

ಹರಿಗೋಲು ತಳ್ಳಿದ ಜವರಯ್ಯನಿಗೆ ನೀರೇ ಸಿಗಲಿಲ್ಲ.
ಹುಟ್ಟು ಹಾಕಿದಲ್ಲೆಲ್ಲ ಹೊಟ್ಟೆ, ಬಿಳಿ ಹೊಟ್ಟೆ.

ಕನ್ನಂಬಾಡಿಯಿಂದ ಮರಿ ತಂದ ದಿನ
ಬೆರಳುದ್ದದವಕ್ಕೂ ಒಂದೊಂದು ಚೀಲ ಗಾಳಿ
ತುಂಬಿ, ಬಾಯಿ ಕಟ್ಟಿ ಕೊಟ್ಟಿದ್ದರು.
ತೊಡೆಯ ಮೇಲಿಟ್ಟುಕೊಂಡು ಬಂದಿದ್ದೆ ಬಸ್ಸಿನಲ್ಲಿ,
ಕುಲುಕಾಡದ ಹಾಗೆ, ಬಸುರಿಯ ಹಾಗೆ.

ಮೂರು ಟ್ರೇಲರು ತುಂಬಿತು.
ನನ್ನ ತಕ್ಕಡಿ ಗೋಡೆಯಲ್ಲೇ ನೇತಾಡಿತು,
ಗುಂಡಿಗೆ ಹಾಕುವುದನ್ನು ಯಾರು ತೂಗುತ್ತಾರೆ?
ಜೆಸಿಬಿಯವನಿಗೆ ಗಂಟೆ ಲೆಕ್ಕ,
ಸುಣ್ಣಕ್ಕೆ ಮೂಟೆ ಲೆಕ್ಕ,
ಸಂಘದ ಕಾರ್ಯದರ್ಶಿ ಎಲ್ಲಕ್ಕೂ ರಸೀದಿ ಕೇಳಿದ.
‘ಎಷ್ಟು ಸತ್ತವು?’ ಅಂತ ಫಾರಮ್ಮಿನಲ್ಲಿ ಒಂದು ಗೆರೆ ಇತ್ತು.
ಜವರಯ್ಯ ‘ಎಲ್ಲಾ’ ಅಂದ.
ಅಂಕಿಯಲ್ಲಿ ಬರೆಯಬೇಕಂತೆ.

ಈಗ ಚಿನಕುರಳಿ ಸರ್ಕಲ್ಲಿನಲ್ಲಿ
ಐಸಿನ ಬೂತಾಯಿ ಇಟ್ಟುಕೊಂಡು ಕೂರುತ್ತೇನೆ.
ಮಂಗಳೂರಿನದು ಅಂದರೂ ಬಗ್ಗಿ ಮೂಸುತ್ತಾರೆ,
ಮೀನನ್ನಲ್ಲ, ನನ್ನ ಕೈಯನ್ನು.
ಹುಣಸೆಹಣ್ಣಿಗೂ ಹೋಗದ ವಾಸನೆ ಇದು,
ನನಗೆ ಮಾತ್ರ ಬರುತ್ತದೆ ಅಂದುಕೊಂಡಿದ್ದೆ.

ಉಳಿದದ್ದು ಕೊರವ.
ಮರಿ ನುಂಗುವ ಕಳ್ಳ ಅಂತ ಅತ್ತೆ ಬಯ್ಯುತ್ತಿದ್ದಳು,
ಸಿಕ್ಕಾಗಲೆಲ್ಲ ದಡಕ್ಕೆ ಬಡಿದು ಕೊಂದಿದ್ದೂ ಉಂಟು.
ಅದಕ್ಕೆ ನೀರು ಸಾಲದಿದ್ದರೆ ಮೇಲೆ ಬಂದು
ಗಾಳಿಯನ್ನೇ ಕುಡಿಯಲು ಗೊತ್ತು.
ಸಂಜೆ ಏರಿ ಮೇಲೆ ಕೂತರೆ ಕೇಳುತ್ತದೆ:
ಗುಳುಕ್. ಸ್ವಲ್ಪ ಹೊತ್ತು ಬಿಟ್ಟು, ಗುಳುಕ್.
ಅತ್ತೆ ಈಗ ಬಯ್ಯುವುದಿಲ್ಲ. ಎಣಿಸುತ್ತಾಳೆ.

ಆವತ್ತು, ಗುಂಡಿ ಮುಚ್ಚಿ ಬರುವಾಗ,
ನೇಗಿಲು ಹೂಡಿದ್ದ ಸಿದ್ದೇಗೌಡರು ಗದ್ದೆಯಿಂದ ಕೂಗಿದರು:
‘ಒಳ್ಳೆ ಹದ ಆಯ್ತು ಅಲ್ವೇನೋ ಜವರ!’
ಮೈಯೆಲ್ಲ ಸುಣ್ಣವಾಗಿದ್ದವನು ನಿಂತ,
ಹೆಗಲ ಬಲೆಯನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡ.
‘ಹೂಂ ಗೌಡ್ರೆ,’ ಅಂದ,
‘ಹದ ಆಯ್ತು.’