ನೀರು ಬಂತಾ

ಶುಕ್ರವಾರ ಮನಾಮದ ಚರ್ಚಿನಲ್ಲಿ
ನಮ್ಮ ಕನ್ನಡ ಸಭೆಗೆ ಸಿಗುವುದು ಎಂಟೂವರೆಯಿಂದ ಹತ್ತು.
ಹತ್ತಾದರೆ ತಮಿಳರು ಬಾಗಿಲಲ್ಲಿ ಕೆಮ್ಮುತ್ತಾರೆ.
ಒಳಗೆ ಹದಿನೆಂಟು ಡಿಗ್ರಿ. ಹೆಂಗಸರು ಶಾಲು ತರುತ್ತಾರೆ.
ನಾನು ಕಾರ್ಯದರ್ಶಿ, ಹಾಜರಿ ಬರೆಯುವವನು.
ತಿಮೊಥಿ ಸೋನ್ಸ್ ಎಂಬ ಹೆಸರಿನ ಮುಂದೆ
ಎರಡು ವರ್ಷದಿಂದ ಬರೀ ಅಡ್ಡಗೆರೆ.

ನಮಗೆಲ್ಲ ಅವನು ತಿಮ್ಮಣ್ಣ. ಮುಲ್ಕಿಯವನು.
ಅಜ್ಜ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ತುಳಿದವ,
ಇವನು ಏಸಿ ಮೆಕ್ಯಾನಿಕ್.
ಪ್ರಾರ್ಥನೆಗೆ ಎಬ್ಬಿಸಿ ನಿಲ್ಲಿಸಿದರೆ
"ಕರ್ತನೇ, ನಿನಗೆ ಗೊತ್ತುಂಟಲ್ಲ" ಎಂದು ಕೂತುಬಿಡುವವ.

ಆರು ದಿನ ಕಂಪೆನಿಯ ಏಸಿ.
ಏಳನೆಯ ದಿನ ಸಲ್ಮಾಬಾದಿನ ಗ್ಯಾರೇಜುಗಳ ಹಿಂದೆ
ಯಾರೂ ತಮ್ಮದೆನ್ನದ ಒಂದು ಕ್ಯಾಂಪು;
ಮಂಚದ ಮೇಲೆ ಮಂಚ, ಕೋಣೆಗೆ ಹನ್ನೆರಡು ಜನ,
ಕಿಟಕಿಗೆ ತುರುಕಿದ ಹಳೇ ಡಬ್ಬ ಏಸಿ.
ಮೊದಲೆಲ್ಲ ನಸುಕಿನಲ್ಲೇ ಅಲ್ಲಿಗೆ ಹೋಗಿ
ಕೊನೆಯ ಕೀರ್ತನೆಗೆ ಓಡಿ ಬರುತ್ತಿದ್ದ.
ಗ್ರೀಸಿನ ಬೆರಳಿಗೆ ಅಂಟಿಕೊಂಡ ಕೀರ್ತನೆ ಪುಸ್ತಕ,
ಪಕ್ಕದವರು ಸ್ವಲ್ಪ ಸರಿದು ಕೂರುವುದು.

ಆ ಆಗಸ್ಟಿನಲ್ಲಿ ನನ್ನ ಮಗಳ ದೃಢೀಕರಣ.
"ಒಂದು ವಾರ ಬಿಡು ಮಾರಾಯ," ಅಂದೆ,
"ನೀನಿಲ್ಲದಿದ್ದರೆ ಲೋಕವೇನೂ ಬೇಯುವುದಿಲ್ಲ."
ಬಂದ. ನನ್ನದೇ ಟೈ ಕಟ್ಟಿಕೊಂಡು ಮುಂದಿನ ಬೆಂಚಿನಲ್ಲಿ ಕೂತ.
ಕೋಳಿಸುಕ್ಕ ಎರಡು ಸಲ ಹಾಕಿಸಿಕೊಂಡ.
ಆ ರಾತ್ರಿ ಕ್ಯಾಂಪಿನ ಏಳನೇ ಕೋಣೆಯಲ್ಲಿ
ನಿಜಾಮಾಬಾದಿನ ಪೋಶೆಟ್ಟಿ ಮಲಗಿದವನು ಏಳಲಿಲ್ಲ.
ಕಾಗದದಲ್ಲಿ ಬರೆದದ್ದು: ಹೃದಯ ನಿಂತು ಸಾವು.
ಸುಳ್ಳೇನಲ್ಲ. ಸಾಯುವವರೆಲ್ಲರದೂ ನಿಲ್ಲುತ್ತದೆ.

ತಿಮ್ಮಣ್ಣ ನನಗೆ ಒಂದು ಮಾತೂ ಅನ್ನಲಿಲ್ಲ.
ಟೈ ಮಾತ್ರ ವಾಪಸು ಬಂತು, ಇಸ್ತ್ರಿ ಹಾಕಿ.

ಮೊನ್ನೆ ಕಮಿಟಿಯಲ್ಲಿ ಅವನ ಹೆಸರು ತೆಗೆಯುವ ಮಾತು.
ಕಾರಣ ಕೇಳಿ ಬಾ ಎಂದು ನನ್ನನ್ನೇ ಕಳಿಸಿದರು.
ಹೋದಾಗ ಹನ್ನೆರಡೂವರೆ. ತಗಡಿನ ಮಾಡಿನ ಮೇಲೆ
ಒದ್ದೆ ಗೋಣಿ ಹಾಸಿ ಮೊಣಕಾಲೂರಿದ್ದ,
ಹಲ್ಲಲ್ಲಿ ಕಚ್ಚಿದ ಸ್ಕ್ರೂ.
"ಈ ಹೊತ್ತಿನಲ್ಲಿ ಹೊರಗೆ ಕೆಲಸ ಮಾಡಬಾರದೆಂದು
ಸರ್ಕಾರದ ಕಾನೂನುಂಟು," ಅಂದೆ ಕೆಳಗಿನಿಂದ.
ಸ್ಕ್ರೂ ಅಂಗೈಗೆ ಉಗಿದು, "ಇದು ಕೆಲಸವಾ?" ಅಂದ.

ತಂದ ಪ್ರಶ್ನೆ ಕಿಸೆಯಲ್ಲೇ ಬೆವೆತುಹೋಯಿತು.
"ಹಾಗಾದರೆ ನಾವೆಲ್ಲ ಇದಕ್ಕಾಗಿ ಪ್ರಾರ್ಥಿಸುತ್ತೇವೆ..."
"ಮಾಡಿ, ಬೇಡ ಅನ್ನುವುದಿಲ್ಲ.
ಇದಕ್ಕೆ ಒಂದು ಕೆಪಾಸಿಟರ್ ಕೂಡ ಬೇಕು. ಎರಡೂವರೆ ದಿನಾರ್.
ಈಗ ಏಣಿ ಹಿಡಿ."

ಹಿಡಿದೆ. ಕಬ್ಬಿಣ ಕಾದ ಕಾವಲಿ.
ಕರವಸ್ತ್ರ ಸುತ್ತಿದೆ, ಸಾಲಲಿಲ್ಲ;
ಹಾಜರಿ ಪುಸ್ತಕವನ್ನೇ ಅಡ್ಡ ಕೊಟ್ಟು ಹಿಡಿದೆ.
ಸಿಲ್ಹಟಿನ ಹುಡುಗನೊಬ್ಬ ನನ್ನ ತಲೆಗೆ
ಒದ್ದೆ ಟವೆಲು ಹಾಕಿ, ಹೆಸರು ಕೇಳದೆ ಹೋದ.
ಏಳನೇ ಕೋಣೆ. ಕೆಳಗಿನ ಮಂಚ ಖಾಲಿಯಿಲ್ಲ,
ಬೇರೆ ಯಾರೋ ಗೋಡೆಗೆ ಮುಖ ಮಾಡಿ ಮಲಗಿದ್ದ,
ಬೆನ್ನು ಏರಿಳಿಯುತ್ತದೆಯೇ ಎಂದು ನೋಡುತ್ತ ನಿಂತೆ.

ಇದೇ ಏಸಿ ಈ ಬೇಸಗೆಯಲ್ಲಿ ಹದಿನಾಲ್ಕನೇ ಸಲವಂತೆ.
ಬಿಚ್ಚಿದ, ಊದಿದ, ತಂತಿ ಬೆಸೆದ, ಮುಚ್ಚಿದ.
"ಕೆಳಗೆ ಕೊಳವೆಯ ಬಾಯಿಗೆ ಕೈ ಒಡ್ಡು.
ಒಳಗೆ ತಂಪಾದರೆ ಹೊರಗೆ ಹನಿ ಬೀಳಬೇಕು."
ಯಂತ್ರ ಗುರುಗುಟ್ಟಿತು. ಅಂಗೈ ಚಾಚಿದೆ,
ಕರ್ತನ ಭೋಜನಕ್ಕೆ ಒಡ್ಡುವ ಹಾಗೆಯೇ, ಅಭ್ಯಾಸಬಲ.

"ನೀರು ಬಂತಾ?"
"ಇಲ್ಲ."
ಮೇಲೆ ಮತ್ತೆ ಸ್ಪ್ಯಾನರಿನ ಸದ್ದು.
"ಬಂತಾ?"
"ಇನ್ನೂ ಇಲ್ಲ, ತಿಮ್ಮಣ್ಣ."
"ಕೈ ತೆಗೆಯಬೇಡ."