ಎರಡನೆಯದೇ?

ಮೊದಲು ಎಣ್ಣೆಯ ಮುಳ್ಳು ಇಳಿಯಿತು.
ಆಮೇಲೆ ಸದ್ದಿನಲ್ಲಿ ಒಂದೆಳೆ ಬಿಚ್ಚಿಕೊಂಡಿತು,
ಹಿಂದಿನ ಸಾಲಿನ ಮಗುವಿಗೆ ಎಚ್ಚರವಾಯಿತು.
ಗ್ರೀನ್‌ಲ್ಯಾಂಡಿನ ಕರಾವಳಿ, ಏಪ್ರಿಲ್,
ಉಪರ್ನಾವಿಕ್ ಬಿಟ್ಟು ಮೂವತ್ತೆಂಟು ನಿಮಿಷ.

ಪಿಪಾಲುಕ್ ಒಂದು ಕೈ ಹಿಡಿಯ ಮೇಲಿಟ್ಟು
ಇನ್ನೊಂದನ್ನು ತೊಡೆಗೆ ಒತ್ತಿಕೊಂಡಳು.
ಅವಸರದ ಕೈ
ಬದುಕಿರುವ ಇಂಜಿನ್ನನ್ನೇ ಕೊಂದ ಕತೆಗಳಿವೆ.

ಮೂಗು ಬಲಕ್ಕೆ ಜಗ್ಗಿತು.
ಎಡಗಾಲು ತಾನಾಗಿ ಪೆಡಲು ತುಳಿಯಿತು.
ಬಲಗಾಲಿಗೆ ಕೆಲಸವಿಲ್ಲ.
ಯಾವ ಕಾಲು ಸುಮ್ಮನಿದೆಯೋ ಆ ಕಡೆಯದು ಸೋತಿದೆ;
ಲೆಕ್ಕ ಸರಿಯಿದೆ.
ಸರಿಯಿದೆ ಅನ್ನಿಸಿದಾಗಲೇ ಕೇಳಬೇಕು.

"ಎರಡನೆಯ ಲಿವರ್," ಎಂದಳು,
ಬೆರಳಿಟ್ಟು, ಎಳೆಯದೆ.
"ಎರಡನೆಯದೇ?"

ನುಕಾನಿಗೆ ಇಪ್ಪತ್ತಾರು. ನಿನ್ನೆ ರಾತ್ರಿ
ರಜೆಯ ಪಟ್ಟಿಯ ವಿಚಾರಕ್ಕೆ ಅವಳೊಡನೆ ಜಗಳಾಡಿ
ಬೆಳಗಿನಿಂದ ಬೇಕಾದಷ್ಟೇ ಮಾತಾಡಿದವನು.
ಅವನು ಅವಳ ಮುಖ ನೋಡಲಿಲ್ಲ.
ಬೆರಳು ನೋಡಿದ, ಬೆರಳಿನಡಿಯ ಅಂಕಿ ನೋಡಿದ,
ಬಿದ್ದ ಮುಳ್ಳು, ನಿಂತ ಮುಳ್ಳು,
ಮತ್ತೆ ಬೆರಳು.
ಅಷ್ಟರಲ್ಲಿ ನೂರಡಿ ಹೋಯಿತು.
"ಎರಡನೆಯದೇ."

ಆಗ ಎಳೆದಳು.

ಅಲಗುಗಳು ಗಾಳಿಗೆ ಅಂಚು ತಿರುಗಿಸಿದವು,
ಇಕ್ಕಟ್ಟಿನ ಓಣಿಯಲ್ಲಿ ಮೈ ಓರೆ ಮಾಡಿ
ದಾರಿ ಬಿಡುವವರಂತೆ.
ಪೈಲಟ್ಟರು ಇದನ್ನು ಗರಿಯಾಗಿಸುವುದು ಎನ್ನುತ್ತಾರೆ.
ತಳ್ಳುವುದನ್ನು ನಿಲ್ಲಿಸಿದ ಮೇಲೆ
ಅದಕ್ಕೆ ಗರಿಯೆಂದು ಹೆಸರು.

ಆರನೇ ಸಾಲಿನ ಬಲಗಿಟಕಿಯಲ್ಲಿ ಆಕ್ಕಲು,
ಸೀಲ್ ಬೇಟೆಯ ಮುದುಕ, ಕಣ್ಣಿನ ಪೊರೆ ತೆಗೆಸಲು ಹೊರಟವನು.
ಇಷ್ಟು ವರ್ಷ ಬರೀ ಮಬ್ಬು ಬಿಲ್ಲೆಯಾಗಿದ್ದದ್ದು
ಒಂದೊಂದಾಗಿ ನಿಂತಿತು.
ಉಳಿದಿರುವ ಒಂದು ಕಣ್ಣಿನಲ್ಲಿ ಎಣಿಸಿದ: ನಾಲ್ಕು.

ಪಕ್ಕದ ಬಸುರಿ ಅವನ ತೋಳು ಹಿಡಿದಳು.
"ಕುಂಟುವ ನಾಯಿಯ ಹಗ್ಗ ಬಿಚ್ಚಿದ್ದಾರೆ, ಅಷ್ಟೇ.
ಬಿಚ್ಚದಿದ್ದರೆ ಉಳಿದವನ್ನೂ ಕೆಡವುತ್ತದೆ."
ಅವಳು ಆಚೆ ಕಿಟಕಿಯನ್ನೂ ನೋಡಿ ಕೇಳಿದಳು:
"ಎರಡೇ ನಾಯಿ ಕಟ್ಟಿದ ಗಾಡಿ ಎಲ್ಲಾದರೂ ಉಂಟೇ?"
ಅದಕ್ಕೆ ಅವನಲ್ಲಿ ಉತ್ತರವಿರಲಿಲ್ಲ.
ತೋಳನ್ನು ಮಾತ್ರ ಬಿಡಿಸಿಕೊಳ್ಳಲಿಲ್ಲ.

ಒಂಟಿ ಇಂಜಿನ್ನಿಗೆ ಇಪ್ಪತ್ತು ಸಾವಿರ ಅಡಿ ಭಾರ.
ಮೂಟೆ ಹೊತ್ತವನು ಕಟ್ಟೆ ಹುಡುಕುವಂತೆ
ವಿಮಾನ ತನಗೆ ತಡೆಯುವ ಎತ್ತರ ಹುಡುಕುತ್ತ ಇಳಿಯಿತು.
ಎಡಕ್ಕೆ ಮುಗಿಯದ ಹಿಮದ ಬೆನ್ನು,
ಕೆಳಗೆ ಒಡೆದ ನೀರು, ಹಿಮಬಂಡೆಗಳ ನೀಲಿ ನೆರಳು.
ಇಲುಲಿಸ್ಸಾಟ್ ಹತ್ತಿರ, ಆದರೆ ರನ್‌ವೇ ಗಿಡ್ಡ.
ಕಂಗರ್ಲುಸ್ಸುವಾಕ್ ದೂರ, ಉದ್ದ.
ದೂರದ್ದನ್ನೇ ಆರಿಸಿದರು.
ನುಕಾ ಪಟ್ಟಿ ಓದುತ್ತ ಹೋದ,
ಸಾಲಿಗೊಂದು ಅವಳ ಹೂಂ.

ಇಳಿದರು.
ಬಾಳೆಹಣ್ಣಿನ ಪೆಟ್ಟಿಗೆ, ಟಪಾಲು, ಮಗು, ಬಸುರಿ,
ಎಲ್ಲರ ಕೊನೆಗೆ ಹಿಂದೆ ತಿರುಗಿ ತಿರುಗಿ ನೋಡುತ್ತ ಮುದುಕ.

ಎಲ್ಲ ಹೋದ ಮೇಲೆ
ಪಿಪಾಲುಕ್‌ಳ ಎಡಗಾಲು ನಡುಗಲು ಶುರುವಾಯಿತು.
ಕೈಯಿಂದ ಮಂಡಿ ಅದುಮಿದಳು. ನಿಲ್ಲಲಿಲ್ಲ.
ನುಕಾ ಕಂಡೂ ಕಾಣದಂತೆ
ಲಾಗ್ ಪುಸ್ತಕ ತನ್ನತ್ತ ಎಳೆದುಕೊಂಡ.
ಗಂಟೆ, ಎತ್ತರ, ಎಣ್ಣೆಯ ಒತ್ತಡ.
'ಎರಡನೆಯ ಇಂಜಿನ್' ಎಂದು ಬರೆದವನು
ಪೆನ್ನೆತ್ತಿ
ಬಲಗಡೆ ಕಿಟಕಿಯಾಚೆ
ಇನ್ನೊಮ್ಮೆ ನೋಡಿದ.